ಹಾವಿಗೆ ಎರಡು ಖಣ

ನಮ್ಮ ಕಾಕಾ ಕಳೆದಷ್ಟು ನನ್ನ ಮಾನವನ್ನು ಬೇರೆ ಯಾರೂ ಕಳೆದಿಲ್ಲ. ಬೇರೆ ಮನೆಗಳ ಹಿರಿಯರು ಕುಡಿದೋ ಇಸ್ಪೀಟಾಡಿಯೋ ಮನೆಯವರ ತಲೆ ತಗ್ಗಿಸುತ್ತಾರೆ. ಅದಕ್ಕೊಂದು ರೂಢಿ ಇದೆ. ಕೇಳಿದವರು ಲೊಚಗುಟ್ಟಿ ಸಮಾಧಾನ ಹೇಳುತ್ತಾರೆ. ನಮ್ಮ ಕಾಕಾ ಹಾವಿಗೆ ಟೇಪು ಹಿಡಿದು ಅಳತೆ ತೆಗೆದವರು. ಇದಕ್ಕೆ ಯಾರು ಏನೆಂದು ಸಮಾಧಾನ ಹೇಳಬೇಕು?

ಕಾಕಾ ಎಂದರೆ ನನ್ನ ಮಾವನವರ ತಮ್ಮ. ಎಂಬತ್ತರ ದಶಕದ ನಡುವೆ ನಾನು ನಿಪ್ಪಾಣಿಯ ಆ ಮನೆಗೆ ಸೊಸೆಯಾಗಿ ಹೋದಾಗ ಮಾವನವರು ಇರಲಿಲ್ಲ. ಅತ್ತೆ, ನಮ್ಮವರು, ಕಾಕಾ, ಇಷ್ಟೇ ಜನ. ಕಾಕಾ ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದರೆ "ನನ್ನ ಅಳತೀದು ಸಿಗಲಿಲ್ಲ" ಎನ್ನುತ್ತಿದ್ದರು. ಓಣಿಗೆ ತೆರೆದುಕೊಂಡ ಮುಂದಿನ ಕೋಣೆಯೇ ಅವರ ಹೊಲಿಗೆ ಅಂಗಡಿ. ಬಾಯಲ್ಲಿ ಸದಾ ಟಾಚಣಿ, ಅಂದರೆ ಗುಂಡುಸೂಜಿ, ಕಚ್ಚಿಕೊಂಡಿರುತ್ತಿದ್ದರಿಂದ ಅವರ ಅರ್ಧ ಮಾತು ಮೂಗಿನಿಂದ ಬರುತ್ತಿತ್ತು. ಬಲಗಡೆಯ ಹುಬ್ಬಿನ ಮೇಲೆ ಯಾವಾಗಲೂ ಬಟ್ಟೆಗೆ ಗೆರೆ ಎಳೆಯುವ ಖಡುವಿನ ನೀಲಿ ಪುಡಿ.

ಅವರ ಹೊಲಿಗೆಯಲ್ಲಿ ಒಂದೇ ದೋಷವಿತ್ತು. ಎಲ್ಲವೂ ದೊಡ್ಡದು. "ಒಳಗ ಒಂದೀಟ ಅರಿವಿ ಬಿಟ್ಟಿರಬೇಕು. ಮನಷ್ಯಾ ಅಂದ ಮ್ಯಾಲೆ ಬೆಳೀತಾನ" ಎಂಬುದು ಅವರ ಸಿದ್ಧಾಂತ. ಎಪ್ಪತ್ತು ದಾಟಿದ ಮುದುಕರಿಗೂ ಬೆಳೆಯುವ ಅವಕಾಶ ಬಿಟ್ಟು ಅಂಗಿ ಹೊಲಿಯುತ್ತಿದ್ದರು. ನಮ್ಮ ಮದುವೆಯಲ್ಲಿ ನಮ್ಮವರು ತೊಟ್ಟ ಕೋಟಿನೊಳಗೆ ಇನ್ನೊಬ್ಬ ವರನಿಗೂ ಜಾಗವಿತ್ತು. ಬಟ್ಟೆ ತೊಡಿಸಿ ನೋಡುವಾಗಲಂತೂ ಗಿರಾಕಿಗೆ ಬಿಡುಗಡೆಯೇ ಇಲ್ಲ. "ಕೈ ಎತ್ರಿ. ಕುಂದರ್ರಿ. ಆಕಳಿಸಿ ನೋಡ್ರಿ." ಅವರು ಆಕಳಿಸಿದ ಮೇಲೆ ತಲೆ ಓರೆ ಮಾಡಿ, ಎಲ್ಲಾದರೂ ಬಿಗಿಯಾಗುತ್ತದೆಯೇ ಎಂದು ಟಾಚಣಿಗಳ ಸಂದಿಯಿಂದ ಕೊನೆಯ ಪ್ರಶ್ನೆ: "ಎಲ್ಲೆರ ಹಿಡಿತೈತೇನು?"

ಬೆಳಗಾವಿಯ ಕಾನ್ವೆಂಟಿನಲ್ಲಿ ನಾನು ಕಲಿತದ್ದು ಮುಖ್ಯವಾಗಿ ಎರಡು, ಇಂಗ್ಲಿಷು ಮತ್ತು ನಾಚಿಕೆ. ನಿಪ್ಪಾಣಿಯಲ್ಲಿ ಇಂಗ್ಲಿಷು ಉಪಯೋಗಕ್ಕೆ ಬರಲಿಲ್ಲ. ಎರಡನೆಯದು ದಿನಾಲೂ ಬಂತು.

ಒಂದು ಬೇಸಿಗೆಯಲ್ಲಿ ಓಣಿಯ ಕೊನೆಯಲ್ಲಿ ತಂಬಾಕು ತುಂಬಿಡುವ ವಖಾರದ ಹಿಂದೆ ಜನ ಒಂದು ಹಾವನ್ನು ಬಡಿಗೆಯಿಂದ ಹೊಡೆಯುತ್ತಿದ್ದರು. ಕಾಕಾ ನಡುವೆ ನುಗ್ಗಿ, ಹೊಲಿದ ಬಟ್ಟೆ ಕೊಡುವ ಕೈಚೀಲದಲ್ಲಿ ಅದನ್ನು ತುಂಬಿಕೊಂಡು ಬಂದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸುರುವಿದರು. ಆಗ ಅಲ್ಲಿ ಒಬ್ಬಾಕೆ ಅರ್ಧ ಹೊಲಿದ ಜಂಪರು ತೊಟ್ಟು ಕೈ ಎತ್ತಿಕೊಂಡು ನಿಂತಿದ್ದಳು. ಅವಳು ಎತ್ತಿದ ಕೈ ಇಳಿಸದೆ ಓಡಿದಳು. ಆ ಜಂಪರಿನ ಒಂದು ತೋಳು ಬಹಳ ಕಾಲ ನಮ್ಮ ಮನೆಯಲ್ಲೇ ಇತ್ತು.

"ಅಂಜಬ್ಯಾಡ್ರಿ, ಕ್ಯಾರಿ ಹಾವದು. ವಿಷಾ ಇಲ್ಲ. ನಡಾ ಮುರದಾರ ಪಾಪ, ಅದರದು" ಎಂದರು ಕಾಕಾ.

ಅತ್ತೆ ಅಡುಗೆಮನೆಯ ಬಾಗಿಲಲ್ಲೇ ನಿಂತು ಹೇಳಿದರು: "ಭಾವಜಿ, ಅದು ಈ ಮನಿ ಬಿಟ್ಟ ಹೋಗೂತನಕಾ ನಾ ಅಡಗಿಮನಿ ಬಿಟ್ಟ ಹೊರಗ ಬರಾಂಗಿಲ್ಲ."

"ಬರಬ್ಯಾಡ್ರಿ ವೈನಿ. ಚಾ ಅಷ್ಟ ಕಳಸ್ರಿ" ಎಂದು ಕಾಕಾ ಅತ್ತಿಗೆಗೆ ಉತ್ತರ ಕೊಟ್ಟರು.

ಅಸ್ತರದ ಬಟ್ಟೆಯ ಪಟ್ಟಿ ಸುತ್ತಿ ಅರಿಸಿನ ಹಚ್ಚಿದ್ದಾಯಿತು. ಆಮೇಲೆ ಟೇಪು ಹೊರಬಂತು. ಉದ್ದ ಅಳೆಯುವಾಗ ಟೇಪು ಮುಗಿಯಿತು, ಹಾವು ಮುಗಿಯಲಿಲ್ಲ. ಎದೆಯ ಸುತ್ತಳತೆಗೆ ಬಂದಾಗ ಕಾಕಾ ತಲೆ ಕೆರೆದುಕೊಂಡರು. "ಎದಿ ಎಲ್ಲಿ ಮುಗೀತೈತಿ, ಸೊಂಟಾ ಎಲ್ಲಿ ಸುರು ಆಗತೈತಿ, ತಿಳಿವಲ್ದಲ್ಲವಾ ಸೂನಬಾಯಿ." ನನ್ನನ್ನು ಅವರು ಕರೆಯುತ್ತಿದ್ದದ್ದು ಹಾಗೆ, ಮರಾಠಿಯ ಸೂನಬಾಯಿ, ಅಂದರೆ ಸೊಸೆ. ಅಂಗಡಿಯ ಮುಂದೆ ಜನ ನಿಂತಿದ್ದರು. ಅವರ ಎದುರು ಹಾವಿನ ಸೊಂಟದ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳಿದರೆ ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ?

ಅಲ್ಲಿಂದ ಶುರುವಾಯಿತು ನೋಡಿ, ಹಾವಿನ ಮನೆಯ ಅಳತೆಯ ರಾಮಾಯಣ. ಮೊದಲು ಹೊಲಿಗೆ ಮಶೀನಿನ ಮರದ ಮುಚ್ಚಳವನ್ನು ಅಂಗಾತ ಇಟ್ಟು ಅದರೊಳಗೆ ಮಲಗಿಸಿದರು, ಮೇಲೆ ಒಂದು ಹಲಗೆ. ಹಾವು ಜಿಲೇಬಿಯಂತೆ ಸುತ್ತಿಕೊಂಡು ಮಲಗಿತು. ನನಗೆ ಸಾಕಷ್ಟು ಸುಖವಾಗಿಯೇ ಕಂಡಿತು. ಕಾಕಾ ಹಲಗೆ ಸರಿಸಿ ಸರಿಸಿ ನೋಡಿ, "ಹಿಡಿತೈತಿ" ಎಂದು ಮುಖ ಸಣ್ಣದು ಮಾಡಿದರು.

ಅದೇ ಹೊತ್ತಿಗೆ ನಮ್ಮ ಟಿ.ವಿ. ಕೆಟ್ಟಿತು. ಆಗಿನ ಟಿ.ವಿ.ಗಳು ನಿಮಗೆ ನೆನಪಿರಬೇಕು: ನಾಲ್ಕು ಕಾಲಿನ ಮರದ ಪೆಟ್ಟಿಗೆ, ಮುಂದೆ ಎರಡೂ ಕಡೆಯಿಂದ ಎಳೆದು ಮುಚ್ಚುವ ಬಾಗಿಲು. ರಿಪೇರಿಯವನು ಒಳಗಿನ ಯಂತ್ರವನ್ನಷ್ಟೇ ಕಿತ್ತು ಕೊಲ್ಹಾಪುರಕ್ಕೆ ಒಯ್ದ. ಪೆಟ್ಟಿಗೆ ಖಾಲಿ ಉಳಿಯಿತು. ಕಾಕಾನ ಕಣ್ಣು ಅದರ ಮೇಲೆ ಬಿತ್ತು. ಗಾಜಿದ್ದಲ್ಲಿ ಸಣ್ಣ ಕಣ್ಣಿನ ತಂತಿ ಜಾಳಿಗೆ ಬಡಿದು, ಒಳಗೆ ಮರಳು ಹರವಿ, ಹಾವನ್ನು ಬಿಟ್ಟರು.

ಟಿ.ವಿ. ಕೆಟ್ಟ ಸುದ್ದಿ ಓಣಿಗೆ ಗೊತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ದೇವರ ಧಾರಾವಾಹಿ ನೋಡಲು ಹೆಂಗಸರು ಎಂದಿನಂತೆ ಸ್ನಾನ ಮಾಡಿ ಬಂದು ಸಾಲಾಗಿ ಕುಳಿತರು. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಪಕ್ಕದ ಮನೆಯ ಆಯಿ, ಕಣ್ಣು ಮಂಜಾದ ಮುದುಕಿ, ಪೆಟ್ಟಿಗೆಯ ಮೇಲೆ ಹೂ ಇಟ್ಟು, ಊದಿನಕಡ್ಡಿ ಹಚ್ಚಿ, ತಾನೇ ಬಾಗಿಲು ಸರಿಸಿದಳು. ಒಳಗೆ ಹಳದಿ ಹೊಳಪಿನ ಹಾವು ತಲೆಯೆತ್ತಿ ನಾಲಿಗೆ ಆಡಿಸುತ್ತಿತ್ತು. ಉಳಿದವರು ಚೀರಿಕೊಂಡು ಓಡಿಬಂದು ಹಿತ್ತಲಲ್ಲಿ ನನ್ನ ಮೈಮೇಲೆ ಬಿದ್ದರು. ನಾನು ಒಳಗೆ ಹೋಗಿ ನೋಡಿದರೆ ಆಯಿ ಒಬ್ಬಳೇ ಕೈಮುಗಿದುಕೊಂಡು ಕುಳಿತಿದ್ದಾಳೆ.

"ಅಗಬಾಯಿ, ಏನ ಛಂದ ಕಾಣಾಕತ್ತೈತಿ ಇವತ್ತ" ಎಂದಳು. "ಕಲರ್ ಹಾಕಿಸೀರೇನ ನೀವು?"

ಆ ಮೇಲೆ ತಿಂಗಳುಗಟ್ಟಲೆ ನಾನು ನೀರಿಗೆ ಹೋದಲ್ಲಿ, ಗಿರಣಿಗೆ ಹೋದಲ್ಲಿ, "ಏನ್ರಿ, ನಿಮ್ಮ ಕಲರ್ ಟಿ.ವಿ. ಹೆಂಗ ಐತಿ?" ಎಂದು ಕೇಳುವವರೇ. ನಾನು ಕೊಡದೊಳಗೆ ಮುಖ ಇಟ್ಟು ನೀರು ತುಂಬುವುದನ್ನು ರೂಢಿ ಮಾಡಿಕೊಂಡೆ.

ಕಾಕಾನಿಗೆ ಇದಾವುದೂ ತಾಕಲಿಲ್ಲ. ಅವರ ಚಿಂತೆ ಒಂದೇ. ಹಾವಿನ ನಡ ಕೂಡಿಕೊಳ್ಳುತ್ತಿದೆ, ಅದು ಈಗ ಮೈ ಚಾಚಬೇಕು, ಟಿ.ವಿ.ಯೊಳಗೆ ಚಾಚಲಾಗುತ್ತಿಲ್ಲ. ಹಾಗಾದರೆ ಎಷ್ಟು ಜಾಗ ಬೇಕು? ಇದನ್ನು ತಿಳಿಯಲು ಅವರು ಕಂಡುಕೊಂಡ ದಾರಿ ಕೇಳಿ. ಹಾವಿನ ಉದ್ದಕ್ಕೆ ಟಿ.ವಿ. ಪೆಟ್ಟಿಗೆ ಎಷ್ಟೋ, ತಮ್ಮ ಉದ್ದಕ್ಕೆ ಅಷ್ಟಾಗುವ ಚೌಕ ಎಷ್ಟೆಂದು ಲೆಕ್ಕ ಹಾಕಿದರು. ನಡುಮನೆಯ ನೆಲದ ಮೇಲೆ ಖಡುವಿನಿಂದ ಆ ಚೌಕ ಗೀಚಿದರು. ಊಟ ಮುಗಿಸಿ ಅದರೊಳಗೆ ಮುದುಡಿಕೊಂಡು ಮಲಗಿಬಿಟ್ಟರು. ಗೆರೆ ದಾಟುವಂತಿಲ್ಲ.

ಆ ಮಧ್ಯಾಹ್ನವೇ ನನ್ನ ಕಾನ್ವೆಂಟಿನ ಸಿಸ್ಟರ್ ಬರಬೇಕೇ? ಕೊಲ್ಹಾಪುರಕ್ಕೆ ಹೊರಟವರು, ಹಳೆಯ ವಿದ್ಯಾರ್ಥಿನಿಯನ್ನು ನೋಡಿ ಹೋಗೋಣವೆಂದು ದಾರಿಯಲ್ಲಿ ಇಳಿದಿದ್ದರು. ನಾನು ಟ್ರಂಕಿನ ತಳದಿಂದ ಕಸೂತಿಯ ಟೇಬಲ್ ಕ್ಲಾತು ತೆಗೆದು ಹಾಸುವಷ್ಟರಲ್ಲಿ ಅವರು ಚೌಕದ ಪಕ್ಕ ಮಂಡಿಯೂರಿ ಕುಳಿತಿದ್ದರು.

"ತಮಗೆ ಮೈಯಲ್ಲಿ ಸ್ವಸ್ಥವಿಲ್ಲವೇ?" ಎಂದು ಕೇಳಿದರು. ಮಂಗಳೂರು ಕಡೆಯವರು, ಅವರ ಕನ್ನಡ ಪುಸ್ತಕದ್ದು.

"ಆರಾಮ ಅದೀನ್ರಿ ಸಿಸ್ಟರ್. ಹಾವು ಆಗಿ ನೋಡಾಕತ್ತೀನಿ, ಅಷ್ಟ. ಕಾಲು ಚಾಚಾಕ ಬರವಲ್ದು. ಬರ್ರಿ, ಕುಂದರ್ರಿ. ಗೆರಿ ಮ್ಯಾಲೆ ಮಾತ್ರ ಕಾಲ ಇಡಬ್ಯಾಡ್ರಿ."

ಸಿಸ್ಟರ್ ಕತ್ತಿನ ಶಿಲುಬೆ ಮುಟ್ಟಿಕೊಂಡು, ನನ್ನ ಕಡೆ ತಿರುಗಿದರು. ನಾನು ಬಿಸ್ಕೀಟಿನ ತಟ್ಟೆ ಹಿಡಿದು ನಿಂತಿದ್ದೆ. ಮಾತು ಬದಲಿಸಲಿಕ್ಕೆಂದೇ ಅವರು ಹಳೆಯ ದಿನಗಳನ್ನು ತೆಗೆದರು. "ಇವಳು ಬಹಳ ಶಾಂತ ಹುಡುಗಿ. ಪಂಚಮಿಗೆ ಎಲ್ಲ ಹುಡುಗಿಯರನ್ನೂ ಅಣ್ಣಂದಿರು ಬಂದು ಕರೆದುಕೊಂಡು ಹೋಗುತ್ತಿದ್ದರು. ಬೋರ್ಡಿಂಗಿನಲ್ಲಿ ಇವಳೊಬ್ಬಳೇ. ನಮ್ಮ ತೋಟದಲ್ಲಿ ಒಂದು ಜೋಕಾಲಿ ಇತ್ತು. ಸಂಜೆಯವರೆಗೂ ಅದರ ಮೇಲೆ. ನಾವು ಕರೆದರೂ ಇಳಿಯುತ್ತಿರಲಿಲ್ಲ. ಈಗ ಹಬ್ಬಕ್ಕೆ ಎಲ್ಲಿಗೆ ಹೋಗುತ್ತೀಯಮ್ಮಾ?"

"ಚಹಾ ಆರುತ್ತದೆ, ತೆಗೆದುಕೊಳ್ಳಿ ಸಿಸ್ಟರ್" ಎಂದೆ.

ಹಾವಿಗಿಂತ, ಚೌಕಕ್ಕಿಂತ, ಆ ಪ್ರಶ್ನೆಗೆ ನನಗೆ ಹೆಚ್ಚು ನಾಚಿಕೆಯಾಯಿತು. ನಮ್ಮ ಕಡೆ ನಾಗಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಅಣ್ಣನೋ ತಮ್ಮನೋ ಕರೆಯಲು ಬರಬೇಕು, ಅತ್ತೆಯನ್ನು ಕೇಳಿ ಕರೆದೊಯ್ಯಬೇಕು. ತವರಲ್ಲಿ ಜೋಕಾಲಿ ಕಟ್ಟಿರುತ್ತಾರೆ. ಅಥಣಿಯ ಹತ್ತಿರದ ಐಗಳಿಯಲ್ಲಿ ನಮ್ಮದೂ ಒಂದು ಮನೆ ಇತ್ತು. ಅಪ್ಪ ಅವ್ವ ನಾನು ಚಿಕ್ಕವಳಿದ್ದಾಗಲೇ ಹೋದರು, ಮನೆ ಬೇರೆಯವರದಾಯಿತು. ಅಣ್ಣ ತಮ್ಮ ಹುಟ್ಟಿರಲೇ ಇಲ್ಲ. ಪಂಚಮಿಗೆ ಮೊದಲು ಓಣಿಯ ಸೊಸೆಯಂದಿರೆಲ್ಲ ಒಬ್ಬೊಬ್ಬರಾಗಿ ಹೊರಡುವಾಗ ನನ್ನನ್ನೂ ಕೇಳುತ್ತಿದ್ದರು, "ನಿಮ್ಮವರು ಎಂದ ಬರತಾರ್ರಿ?" ನಾನು ನಕ್ಕು, "ನಮ್ಮ ಕಾನ್ವೆಂಟಿನ್ಯಾಗ ಇದೆಲ್ಲಾ ರೂಢಿ ಇಲ್ಲರಿ" ಎನ್ನುತ್ತಿದ್ದೆ. ಹಬ್ಬ ಬಂತೆಂದರೆ ಮನೆಯ ಪಾತ್ರೆಗಳನ್ನೆಲ್ಲ ಕೆಳಗಿಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಕರೆಯಲು ಯಾರೂ ಬರದ ಸೊಸೆ ಎಂದು ಯಾರೂ ಅನ್ನುತ್ತಿರಲಿಲ್ಲ. ಅನ್ನದೆಯೂ ಕೇಳಿಸುತ್ತಿತ್ತು.

ಸಿಸ್ಟರ್ ಹೋದ ಮೇಲೆ ನೋಡಿದರೆ ಕಾಕಾ ಚೌಕದೊಳಗೆ ಎದ್ದು ಕುಳಿತಿದ್ದರು. ಅಪರೂಪಕ್ಕೆ ಬಾಯಲ್ಲಿ ಟಾಚಣಿ ಇರಲಿಲ್ಲ.

ಮಾರನೆಯ ದಿನ ಹಿತ್ತಲಿನಿಂದ ಕೂಗಿದರು: "ಸೂನಬಾಯಿ, ವೈನಿ ನಿದ್ದಿಯಿಂದ ಎದ್ರ ಹೇಳು. ನಮ್ಮ ಹಾವಿಗೆ ಎರಡ ಖಣ ಬೇಕಾಗ್ಯಾವ."

ಈಗ ಇಲ್ಲಿ ನಾನು ಮಾಡಿದ ಘನಕಾರ್ಯ ಹೇಳಿಬಿಡುತ್ತೇನೆ. ಖಣ ಎಂದರೆ ನಮಗೆಲ್ಲ ಗೊತ್ತಿರುವುದು ಜಂಪರಿನ ಬಟ್ಟೆ, ಉಡಿ ತುಂಬುವಾಗ ತೆಂಗಿನಕಾಯಿಯ ಜೊತೆ ಕೊಡುವುದು. ಕೇಳುತ್ತಿರುವವರು ಟೇಲರ್. ಹಾವು ಹೆಣ್ಣು ಎಂದು ಅವರೇ ಹೇಳಿದ್ದರು. ಪಂಚಮಿ ಬೇರೆ ಹತ್ತಿರ ಬರುತ್ತಿತ್ತು. ಇನ್ನೇನು ಬೇಕು? ಪರವಾಗಿಲ್ಲ, ಇವರಿಗೂ ಸ್ವಲ್ಪ ದೈವಭಕ್ತಿ ಬಂತಲ್ಲ ಎಂದುಕೊಂಡೆ. ತಟ್ಟೆಯಲ್ಲಿ ಎರಡು ಖಣ, ಅಕ್ಕಿ, ಕಾಯಿ, ಅರಿಸಿನ ಕುಂಕುಮ ಇಟ್ಟುಕೊಂಡು ಹಿತ್ತಲಿಗೆ ಹೋದೆ. ಕಾಕಾ ಅಷ್ಟರಲ್ಲಿ ಮಣ್ಣು ತರಲು ಎಲ್ಲಿಗೋ ಹೋಗಿದ್ದರು. ಗೋಡೆಯಾಚೆಯಿಂದ ಆಯಿ ಕೇಳಿದಳು, "ಯಾರಿಗೆ ಬೇ ಉಡಿ?"

"ನಮ್ಮ ಹಾವಿಗೆ, ಆಯಿ. ಕಾಕಾ ಹೇಳ್ಯಾರ."

ಆಯಿಗೆ ಕಣ್ಣು ಕಡಿಮೆ, ಬಾಯಿ ಕಡಿಮೆಯಲ್ಲ. ಸಂಜೆಯ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಹೊಸ ಸೀರೆಯುಟ್ಟು, ತಟ್ಟೆ ಹಿಡಿದು, ಟಿ.ವಿ. ಪೆಟ್ಟಿಗೆಯ ಮುಂದೆ ಸಾಲುಗಟ್ಟಿದ್ದರು. ಮೊನ್ನೆ ಚೀರಿ ಓಡಿದವರೇ ಇಂದು ದೂರದಿಂದ ಖಣ ಎಸೆದು ಕೈಮುಗಿದರು. ಹಸಿರು, ಕೆಂಪು, ನವಿಲುಗರಿಯ ಬಣ್ಣ. ಪೆಟ್ಟಿಗೆಯ ಮುಂದೆ ಖಣಗಳ ರಾಶಿ ಬಿತ್ತು.

ಕಾಕಾ ಕೈಗೆ ಮಣ್ಣು ಮೆತ್ತಿಕೊಂಡು ಒಳಗೆ ಬಂದು ಕಣ್ಣು ಕಣ್ಣು ಬಿಟ್ಟರು. "ಏನವಾ ಇದು?"

"ನೀವ ಕೇಳಿದ್ರೆಲ್ಲರಿ, ಹಾವಿಗೆ ಎರಡ ಖಣ."

ಮೊದಲು ನಕ್ಕವರು ಅತ್ತೆ. ಅಡುಗೆಮನೆಯ ಶಪಥ ಮರೆತು ಹೊರಗೆ ಬಂದು, ಕಂಬ ಹಿಡಿದುಕೊಂಡು ನಕ್ಕರು. "ಅಯ್ಯ ನಮ್ಮವ್ವ, ಅವರು ಕೇಳಿದ್ದು ಜಾಗಾದ ಖಣ!" ನಮ್ಮ ಅಥಣಿ ಕಡೆ ಮನೆಯನ್ನು ಅಂಕಣದ ಲೆಕ್ಕದಲ್ಲಿ ಹೇಳುತ್ತಾರೆ, ಎರಡು ಕಂಬಗಳ ನಡುವಿನ ಜಾಗ ಒಂದು ಅಂಕಣ. ನಿಪ್ಪಾಣಿಯವರು ಅದನ್ನೇ ಮರಾಠಿಯಲ್ಲಿ ಖಣ ಎನ್ನುತ್ತಾರೆ. ಕಾಕಾ ಹಿತ್ತಲಲ್ಲಿ ಹಾವಿಗಾಗಿ ಎರಡು ಖಣದ ಮನೆ ಕಟ್ಟಲು ಅತ್ತೆಯ ಒಪ್ಪಿಗೆ ಕೇಳಿದ್ದರು. ಓಣಿಯಲ್ಲಿ ಇಂಗ್ಲಿಷು ಬಲ್ಲ ಒಬ್ಬಳೇ ಸೊಸೆ ಕೇರೆ ಹಾವಿಗೆ ಜಂಪರಿನ ಬಟ್ಟೆ ಕೊಡಿಸಿದಳು ಎಂದು ಗಿರಣಿಯವರೆಗೂ ಸುದ್ದಿಯಾಯಿತು. ಆ ವಾರ ನಾನು ನೀರಿಗೇ ಹೋಗಲಿಲ್ಲ.

"ಇರಲಿ ಬಿಡು ಸೂನಬಾಯಿ" ಎಂದು ಕಾಕಾ ಖಣಗಳನ್ನೆಲ್ಲ ಮಡಿಸಿ ಎತ್ತಿಟ್ಟರು. "ಅರಿವಿ ಯಾವಾಗರ ಬೇಕಾಗತೈತಿ."

ಎರಡು ಖಣ ಎಂದೊಡನೆ ನಮ್ಮವರಿಗೆ ಸಿಟ್ಟು ಬಂತು. "ಕಾಕಾ, ನಾವ ನಾಲ್ಕ ಮಂದಿ ನಾಲ್ಕ ಖಣದಾಗ ಅದೀವಿ. ಹಾವ ಒಂದಕ್ಕ ಎರಡೇನ್ರಿ?"

"ನೀ ಪ್ಯಾಟಿಗೆ ಹೋಗತಿ, ಕಟ್ಟಿ ಮ್ಯಾಲೆ ಕುಂದರತಿ, ಮನಸಿಗೆ ಬಂದ್ರ ಚಿಕ್ಕೋಡಿಗೆ ಹೋಗಿ ಬರತಿ. ಹೊರಗ ಹೋಗಾಕ ಠಾವಿಲ್ಲದವರಿಗೆ ಒಳಗ ಜಾಸ್ತಿ ಬೇಕಪಾ" ಎಂದರು ಕಾಕಾ. ನಮ್ಮವರು ಹಣೆ ಚಚ್ಚಿಕೊಂಡು ಪೇಟೆಗೆ ಹೋದರು.

ಕಂಬ ನೆಟ್ಟರು, ಮೇಲೆ ತಗಡು ಹೊದಿಸಿದರು, ಗೋಡೆಯ ಬದಲು ಜಾಳಿಗೆ. ನನಗೆ ಸಣ್ಣ ಸಣ್ಣದನ್ನೆಲ್ಲ ನೋಡುವ ಕೆಟ್ಟ ಚಟ. ತಗಡು ಹೊರಲು ಬೇಕಾದ್ದಕ್ಕಿಂತ ನಡುವಿನ ತೊಲೆ ತೀರ ದಪ್ಪವಿತ್ತು. ನೆಲವನ್ನು ಸಗಣಿಯಿಂದ ನುಣ್ಣಗೆ ಸಾರಿಸಿದ್ದರು. ಹಾವಿಗೆ ಈ ವೈಭವ ಯಾಕೆಂದು ಮತ್ತಷ್ಟು ನಾಚಿಕೆಯಾಗಿ ನಾನು ಹಿತ್ತಲ ಬಾಗಿಲು ಮುಚ್ಚಿಡುತ್ತಿದ್ದೆ. ನಮ್ಮ ಹೊಟ್ಟೆಕಿಚ್ಚೂ ಅದರಲ್ಲಿ ಸೇರಿತ್ತು. ಹೊಸ ಮನೆ ಕಟ್ಟಿದ್ದು ನಮಗಲ್ಲ, ಇಲಿ ತಿನ್ನುವ ಪ್ರಾಣಿಗೆ.

ಹಾವಿನ ಗೃಹಪ್ರವೇಶದ ದಿನ ಮಾತ್ರ ಎಲ್ಲರೂ ಜಾಳಿಗೆಗೆ ಮುಖ ಒತ್ತಿ ನಿಂತೆವು. ಅದು ಪೆಟ್ಟಿಗೆಯಿಂದ ಹೊರಬಂದು, ನಾಲಿಗೆ ಚಾಚಿ ಗಾಳಿ ನೋಡಿ, ಮೆಲ್ಲಗೆ ಉದ್ದವಾಗುತ್ತ ಹೋಯಿತು. ಒಂದು ಕಂಬದಿಂದ ಹೊರಟು ಇನ್ನೊಂದು ಕಂಬದ ಹತ್ತಿರ ನಿಂತಾಗ ಅದರ ಮೈಯಲ್ಲಿ ಒಂದೂ ಸುತ್ತು ಇರಲಿಲ್ಲ. ಪೆಟ್ಟು ಬಿದ್ದ ಜಾಗ ಸಣ್ಣ ಗಂಟಾಗಿತ್ತು, ಅಷ್ಟೇ. "ಎಲ್ಲೆರ ಹಿಡಿತೈತೇನವಾ?" ಎಂದು ಕಾಕಾ ಅದನ್ನೇ ಕೇಳಿದರು. ಹಾವು ಉತ್ತರ ಹೇಳಲಿಲ್ಲ. ಹೇಳಿದ್ದರೂ ಆ ಹೊತ್ತಿಗೆ ನನಗೆ ಆಶ್ಚರ್ಯವಾಗುತ್ತಿರಲಿಲ್ಲ.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಕಾಕಾ ಅದೇ ಕೈಚೀಲದಲ್ಲಿ ಹಾವನ್ನು ತುಂಬಿಕೊಂಡು ಹೋಗಿ, ಊರ ಹೊರಗಿನ ಕಬ್ಬಿನ ಹೊಲದಲ್ಲಿ ಬಿಟ್ಟು ಬಂದರು. "ನಡಾ ನೆಟ್ಟಗಾತು. ಇನ್ನ ಅದಕ್ಕ ಬೇಕಾಗೂವಷ್ಟ ಖಣ ಹೊಲದಾಗ ಅದಾವ" ಎಂದರು. ಇದನ್ನು ಮೊದಲೇ ಮಾಡಿದ್ದರೆ ಕಂಬ, ತಗಡು, ನನ್ನ ಮಾನ ಎಲ್ಲ ಉಳಿಯುತ್ತಿದ್ದವಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಪಂಚಮಿ ಬಂತು. ಓಣಿಯ ಸೊಸೆಯಂದಿರು ಒಬ್ಬೊಬ್ಬರಾಗಿ ಹೋದರು. ಹಬ್ಬದ ಹಿಂದಿನ ದಿನ ನಾನು ಎಂದಿನಂತೆ ಪಾತ್ರೆಗಳನ್ನು ಕೆಳಗಿಳಿಸುತ್ತಿದ್ದೆ. ಮುಂಬಾಗಿಲ ಚಿಲಕ ಯಾರೋ ಬಡಿದರು. ಅತ್ತೆ ಬಾಗಿಲು ತೆಗೆದರು. ಹೊಸ್ತಿಲ ಆಚೆ ಕಾಕಾ ನಿಂತಿದ್ದರು. ಗಂಜಿ ಹಾಕಿದ ಧೋತರ, ಒಗೆದ ಟೊಪ್ಪಿಗೆ, ಕೈಯಲ್ಲಿ ಚೀಲ. ಹುಬ್ಬಿನ ಮೇಲೆ ನೀಲಿ ಪುಡಿ ಇರಲಿಲ್ಲ. ತಮ್ಮದೇ ಮನೆಯೊಳಗೆ ಬರದೆ ಬೀಗರಂತೆ ಅಂಗಳದಲ್ಲೇ ನಿಂತಿದ್ದರು. ಎದುರು ಕಟ್ಟೆಯ ಮೇಲೆ ಹೆಂಗಸರು ಕುಳಿತಿದ್ದರು. ಇವತ್ತು ಮತ್ತೇನು ಕಾದಿದೆಯೋ ಎಂದು ನಾನು ಬಾಗಿಲ ಹಿಂದೆ ಸರಿದೆ.

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದರು. ಏನು ತಿಳಿಯಿತೋ, ಸೆರಗು ಸರಿಮಾಡಿಕೊಂಡು ಕೇಳಿದರು: "ಯಾವ ಊರಿಂದ ಬಂದ್ರಿ?"

"ಐಗಳಿ ಕಡಿಂದ್ರಿ. ನಮ್ಮ ತಂಗಿನ್ನ ಪಂಚಮಿಗೆ ಕರಿಯಾಕ ಬಂದೀನಿ. ಕಳಸ್ರಿ."

"ಮನ್ಯಾಗ ಕೆಲಸಾ ಭಾಳ ಐತ್ರಿ. ಎಂದ ಹೊಳ್ಳಿ ಕಳಸ್ತೀರಿ?" ಅತ್ತೆಯಂದಿರು ಆಡಬೇಕಾದ ಮಾತನ್ನು ಅತ್ತೆ ಒಂದಕ್ಷರ ಬಿಡದೆ ಆಡಿದರು.

"ಹಬ್ಬಾ ಮುಗದ ಮ್ಯಾಲೆ ನಾನ ತಂದ ಬಿಡತೀನ್ರಿ."

ಅತ್ತೆ ಒಳಗೆ ಬಂದು ನನ್ನ ಹಣೆಗೆ ಕುಂಕುಮ ಹಚ್ಚಿ, ಒಂದು ಡಬ್ಬಿಯಲ್ಲಿ ಶೇಂಗಾ ಉಂಡಿ ಕಟ್ಟಿಕೊಟ್ಟು, "ಹೋಗಿ ಬಾ. ಅಲ್ಲಿ ಪಾತ್ರೆ ಗೀತ್ರೆ ತಿಕ್ಕಬ್ಯಾಡ" ಎಂದರು. ನಾನು ಕಾಕಾನ ಹಿಂದೆ ಮುಂಬಾಗಿಲಿನಿಂದ ಇಳಿದು, ಓಣಿಯ ಉದ್ದಕ್ಕೂ ನಡೆದೆ. ಆಯಿ ತನ್ನ ಬಾಗಿಲಲ್ಲಿ ಕುಳಿತಿದ್ದಳು. "ಯಾರ ಬೇ? ಎಲ್ಲಿ ಹೊಂಟಿ?"

"ತವರಮನಿಗೆ, ಆಯಿ" ಎಂದೆ. ಆ ಮಾತು ಬಾಯಿಗೆ ಹೊಸದಾಗಿತ್ತು.

ವಖಾರ ಸುತ್ತಿ, ಹಿಂದಿನ ಸಂದಿಯಿಂದ ನಮ್ಮದೇ ಹಿತ್ತಲಿಗೆ ಬಂದೆವು. ಎರಡು ಖಣದ ಮನೆಯ ಜಾಳಿಗೆ ಬಿಚ್ಚಿದ್ದರು. ಆ ದಪ್ಪ ತೊಲೆಯಿಂದ ಹೊಸ ಹಗ್ಗದ ಜೋಕಾಲಿ ಇಳಿದಿತ್ತು. ಮಣೆಯ ಮೇಲೆ ಒಂದು ಕೌದಿ ಹಾಸಿತ್ತು, ಹಸಿರು, ಕೆಂಪು, ನವಿಲುಗರಿಯ ಬಣ್ಣದ್ದು. ಓಣಿಯ ಹೆಂಗಸರು ಹಾವಿಗೆ ಕೊಟ್ಟ ಖಣಗಳಲ್ಲಿ ಒಂದೂ ಬಿಟ್ಟುಹೋಗಿರಲಿಲ್ಲ.

"ಕಾಕಾ, ಇದನ್ನ ಹಾವಿಗೆ ಕಟ್ಟಿದ್ರೋ..." ಎಂದು ಕೇಳಿದೆ.

"ಹಾವಿಗೇ ಕಟ್ಟಿದ್ದು. ಒಳಗ ಒಂದೀಟ ಅರಿವಿ ಬಿಟ್ಟಿದ್ದೆ."

ನಾನು ಜೋಕಾಲಿಯ ಮೇಲೆ ಕುಳಿತೆ. ಅವರು ಹಿಂದಿನಿಂದ ಒಮ್ಮೆ ತೂಗಿ, ದೂರ ಸರಿದು, ನನ್ನ ಕಾಲು ಕಂಬಕ್ಕೆ ತಾಗುತ್ತದೋ ಎಂದು ತಲೆ ಓರೆ ಮಾಡಿ ನೋಡುತ್ತ ನಿಂತರು.

"ಕಾಲ ಪೂರಾ ಚಾಚು. ಎಲ್ಲೆರ ಹಿಡಿತೈತೇನು, ತಂಗಿ?"

ಕಾಲು ಪೂರ್ತಿ ಚಾಚಿದೆ. ಎಲ್ಲಿಯೂ ಹಿಡಿಯಲಿಲ್ಲ. ಹಾಗೆಂದು ಹೇಳಲು ಹೋದೆ. ಗಂಟಲು ಹಿಡಿಯಿತು.